ಒಳಗೆ ಜನ ಇರುವಾಗ

ಬಾಯಿ ತುಂಬ ಗುಂಡುಸೂಜಿ ಇಟ್ಟುಕೊಂಡವರ ಹತ್ತಿರ ಯಾರು ತಾನೇ ಜಗಳಕ್ಕೆ ನಿಲ್ಲುತ್ತಾರೆ? ದೊಡ್ಡ ಬಟ್ಟೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗಿರಾಕಿಗಳ ಪ್ಯಾಂಟು ಗಿಡ್ಡ ಮಾಡುವ, ಸೊಂಟ ಸಡಿಲಿಸುವ ಆ ಹೆಂಗಸಿಗೆ ಪಿನ್ನಮ್ಮ ಎಂದೇ ಹೆಸರು ಬಿದ್ದಿತ್ತು. ಸಿಟ್ಟು ಬಂದರೆ ಇನ್ನೆರಡು ಸೂಜಿ ತುಟಿಗೆ ಸಿಕ್ಕಿಸಿಕೊಳ್ಳುತ್ತಿದ್ದಳು. ಅಳು ಬಂದರೂ ಅದೇ ಉಪಾಯ. "ಈ ವರ್ಷ ಬಟ್ಟೆ ಯಾಕೋ ಒಗೆದ್ರೆ ಕುಗ್ತಿದೆ ಅಲ್ವಾ?" ಎಂದು ಹೊಟ್ಟೆ ಬಂದ ಗಿರಾಕಿ ಹಲ್ಲು ಕಿರಿದರೆ "ಹ್ಞೂಂ" ಎಂದಷ್ಟೇ ಹೇಳಿ ಹೊಲಿಗೆ ಬಿಚ್ಚುವಳು. ಒಟ್ಟಿನಲ್ಲಿ ಯಾರ ತಂಟೆಗೂ ಹೋಗದ ಜೀವ. ಅಂಥವಳ ಮನೆಬಾಗಿಲಿಗೇ ಒಂದು ದಿನ ತಂಟೆ ಬಂದು ನಿಂತಿತು, ಬ್ಯಾಂಕಿನ ಗಾರ್ಡ್ ಜೊತೆಗೆ.

ಗಾರ್ಡ್ ಕೈ ಹಿಡಿದು ಕರೆತಂದಿದ್ದು ಅವಳ ಗಂಡನನ್ನು. ಅವನನ್ನು ಟಾರ್ಚಣ್ಣ ಎನ್ನದೆ ಬೇರೆ ಹೆಸರಿನಿಂದ ಕರೆದವರು ಕಡಿಮೆ. ಓಣಿಯ ಕೊನೆಯಲ್ಲಿದ್ದ ಚಿತ್ರಮಂದಿರದಲ್ಲಿ ಆತ ಗೇಟ್‌ಕೀಪರ್. ಟಿಕೆಟ್ ಹರಿದು ಅರ್ಧ ಇಸಿದುಕೊಂಡು ಅರ್ಧ ವಾಪಸು ಕೊಡುವುದು, ಕತ್ತಲಲ್ಲಿ ಟಾರ್ಚ್ ಬಿಟ್ಟು ಸೀಟು ತೋರಿಸುವುದು, ಆಟ ಮುಗಿದ ಮೇಲೆ ಬಾಗಿಲು ತೆರೆದು ಹಿಡಿಯುವುದು, ಇಷ್ಟರಲ್ಲೇ ಆಯಸ್ಸು ಸವೆಸಿದ. ಈಗ ಆ ಚಿತ್ರಮಂದಿರ ಇಲ್ಲ. ಆ ಜಾಗದಲ್ಲಿ ಕಾರು ನಿಲ್ಲಿಸುತ್ತಾರೆ. ಟಾರ್ಚಣ್ಣನಿಗೆ ಮರೆವಿನ ಕಾಯಿಲೆ ಬಂದಮೇಲೆ ಮಾತ್ರ ಅದು ಮತ್ತೆ ಶುರುವಾಯಿತು, ಅವನ ತಲೆಯೊಳಗೆ. ಬೆಳಿಗ್ಗೆ ಎದ್ದು ತಲೆ ಬಾಚಿ, ಅಂಗಿ ಒಳಗೆ ಸಿಕ್ಕಿಸಿಕೊಂಡು "ಮ್ಯಾಟಿನಿಗೆ ಹೊತ್ತಾಯ್ತು" ಎಂದು ಹೊರಟುಬಿಡುವನು.

ಆವತ್ತು ಹೊರಟವನು ಬ್ಯಾಂಕಿನ ಬಾಗಿಲಲ್ಲಿ ನಿಂತಿದ್ದ. ಒಳಗೆ ಹೋಗುವವರ ಕೈಯಿಂದ ಕಾಗದ ಇಸಿದುಕೊಂಡು ನೀಟಾಗಿ ಅರ್ಧ ಹರಿದು, "ಬಲಗಡೆ ಹೋಗಿ ಸಾರ್, ಮೂರನೇ ಸಾಲು" ಎಂದು ಕೊಡುತ್ತಿದ್ದ. ಪಾಪ, ಜನ ಬ್ಯಾಂಕಿನ ಹೊಸ ಪದ್ಧತಿ ಇರಬೇಕೆಂದು ಕೊಟ್ಟರು ಕೂಡ! ಯಾರೋ ದೊಡ್ಡ ಮನುಷ್ಯರ ಚೆಕ್ಕೂ ಅದರಲ್ಲಿ ಎರಡು ತುಂಡಾಯಿತು.

"ಅಮ್ಮಾ, ಚೆಕ್ಕು ಹೋದ್ರೆ ಇನ್ನೊಂದು ಬರೀಬೋದು," ಎಂದ ಗಾರ್ಡ್. "ಇವರು ರಸ್ತೆ ದಾಟಿ ಬಂದಿದ್ದು ನೋಡ್ಬೇಕಿತ್ತು ನೀವು. ಲಾರಿಗೆ ಕೈ ಅಡ್ಡ ಹಿಡಿದು ಟಿಕೆಟ್ ಕೇಳಿದ್ರು. ಆ ಡ್ರೈವರ್ ಬ್ರೇಕ್ ಹಾಕಿದ್ದು ದೊಡ್ಡದು."

ಪಿನ್ನಮ್ಮನಿಗೆ ಜೀವ ಬಾಯಿಗೆ ಬಂತು. ಟಾರ್ಚಣ್ಣ ಮಾತ್ರ ಗಾರ್ಡಿನ ಸಮವಸ್ತ್ರವನ್ನು ಮೆಚ್ಚುಗೆಯಿಂದ ನೋಡುತ್ತ, "ಒಳ್ಳೆ ಹುಡುಗ ಕಣೇ, ಕೆಲಸ ಕಲೀತಾನೆ" ಎಂದ.

ಸುದ್ದಿ ಮಗಳಿಗೆ ಹೋಯಿತು. ಊರಿನ ಆ ತುದಿಯ ಆಸ್ಪತ್ರೆಯಲ್ಲಿ ರಕ್ತಪರೀಕ್ಷೆಯ ಕೆಲಸ ಅವಳದು. ಒಳ್ಳೆಯ ಹುಡುಗಿ, ಆದರೆ ನಾಲಿಗೆಗೆ ಪೂಸಿ ಹೊಡೆಯುವುದು ಗೊತ್ತಿಲ್ಲ. "ಅಮ್ಮಾ, ನೋಡ್ಕೊಳ್ಳೋಕೆ ಇಟ್ಟಿದ್ದ ಹೆಂಗಸು ಓಡಿಹೋದ್ಳು. ಎದುರುಮನೆಯವರಿಗೆ ಸಾಕಾಗಿದೆ. ನೀನು ಕೆಲಸ ಬಿಡೋ ಹಾಗಿಲ್ಲ, ನಾನೂ ಬಿಡೋ ಹಾಗಿಲ್ಲ. ಬಾಗ್ಲು ಭದ್ರ ಮಾಡೋಣ. ಅದೂ ಆಗಲ್ಲ ಅಂದ್ರೆ ಅಪ್ಪನ್ನ ಆರೈಕೆ ಕೇಂದ್ರಕ್ಕೆ ಸೇರಿಸ್ದೆ ಬೇರೆ ದಾರಿ ಇಲ್ಲ. ನಾನು ವಿಚಾರಿಸಿ ಇಟ್ಟಿದೀನಿ."

ವಿಚಾರಿಸಿ ಇಟ್ಟಿದ್ದಾಳಂತೆ! ಪಿನ್ನಮ್ಮ ಮನೆಯಲ್ಲೇ ಎರಡು ಸೂಜಿ ಹುಡುಕಿ ತುಟಿಗೆ ಇಟ್ಟುಕೊಂಡಳು. ಆ ಕೇಂದ್ರವನ್ನು ಅವಳು ಒಮ್ಮೆ ನೋಡಿದ್ದಳು. ಸಾಲು ಮಂಚ, ಸಾಲು ತಟ್ಟೆ, ಎಲ್ಲರ ಮೈಮೇಲೂ ಒಂದೇ ಬಣ್ಣದ ಅಂಗಿ. ಅವಳ ಗಂಡ ಅಲ್ಲಿ ಒಂದು ವಾರ ಬಾಳುವವನಲ್ಲ. ಅದು ಅವಳಿಗೆ ಖಾತ್ರಿಯಿತ್ತು.

ಹಾಗಾದರೆ ಹೊರಗಿನಿಂದ ಒಂದು ಬೀಗ ಜಡಿದು ಕೆಲಸಕ್ಕೆ ಹೋಗಬಾರದೇ ಎಂದು ನೀವು ಕೇಳಬಹುದು. ಹೋಗಿದ್ದಳು, ಒಂದೇ ಒಂದು ದಿನ. ಅದರ ಕಥೆ ಹೇಳುವುದಕ್ಕೆ ಮೊದಲು ಅವರ ಮದುವೆಯ ಕಥೆ ಹೇಳಬೇಕು.

ಪಿನ್ನಮ್ಮ ಹುಡುಗಿಯಾಗಿದ್ದಾಗ ಗೆಳತಿಯರ ಜೊತೆ ಮ್ಯಾಟಿನಿಗೆ ಹೋಗಿದ್ದಳು. ಅರ್ಧ ಆಟದಲ್ಲಿ ಯಂತ್ರದ ಕೋಣೆಯಿಂದ ಹೊಗೆ ಎದ್ದಿತು. ಜನ ಹೋ ಎಂದು ಎಡಗಡೆಯ ಬಾಗಿಲಿಗೆ ನುಗ್ಗಿದರು. ಟಿಕೆಟ್ ಇಲ್ಲದವರು ಅಲ್ಲಿಂದ ನುಸುಳುತ್ತಾರೆಂದು ಮ್ಯಾನೇಜರ್ ಮಹಾಶಯ ಅದಕ್ಕೆ ಹೊರಗಿನಿಂದ ಬೀಗ ಹಾಕಿಸಿದ್ದ. ಎಲ್ಲರಿಗಿಂತ ಮುಂದೆ ಇದ್ದವಳು ಇವಳು. ಹಿಂದಿನವರ ಭಾರಕ್ಕೆ ಕೆನ್ನೆ ಬಾಗಿಲಿಗೆ ಒತ್ತಿಹೋಗಿ ಉಸಿರು ಸಿಗುತ್ತಿರಲಿಲ್ಲ. ಆ ಕಡೆಯಿಂದ ಯಾರೋ ಕಲ್ಲಿನಲ್ಲಿ ಬೀಗ ಚಚ್ಚುತ್ತಿದ್ದರು. ಚಚ್ಚುತ್ತಲೇ, "ತಳ್ಳಬೇಡಿ, ಬಂದೆ, ಬಂದೆ" ಎಂದು ಕೂಗುತ್ತಿದ್ದರು. ಬಾಗಿಲು ತೆರೆದಾಗ ಅವಳು ನೇರ ಆ ಕೂಗುತ್ತಿದ್ದವನ ಮೇಲೆ ಬಿದ್ದಳು. "ಬಿದ್ದವಳು ಇನ್ನೂ ಎದ್ದಿಲ್ಲ ನೋಡಿ" ಎಂದು ಟಾರ್ಚಣ್ಣ ಆಮೇಲೆ ವರ್ಷಗಟ್ಟಲೆ ನೆಂಟರ ಮುಂದೆ ಹೇಳಿ ನಗಿಸಿದ್ದುಂಟು.

ಆವತ್ತಿನಿಂದ ಅವನಿಗೆ ಒಂದೇ ಒಂದು ಶಾಸನ. ಒಳಗೆ ಜನ ಇರುವಾಗ ಬಾಗಿಲಿಗೆ ಬೀಗ ಬೀಳಬಾರದು. ಪ್ರತಿ ಆಟ ಶುರುವಾದ ಮೇಲೆ ಚಿತ್ರಮಂದಿರದ ಸುತ್ತ ಒಂದು ಸುತ್ತು ಬಂದು, ಎಲ್ಲ ಬಾಗಿಲನ್ನೂ ಕೈಯಾರೆ ತಳ್ಳಿ ನೋಡುವನು. ಮ್ಯಾನೇಜರ್‌ಗಳು ಬದಲಾದರು, ಬೈದರು, ಕೆಲಸದಿಂದ ತೆಗೆಯುತ್ತೇವೆಂದು ಹೆದರಿಸಿದರು. ಈ ಒಂದು ವಿಷಯದಲ್ಲಿ ಅವನು ಜಗ್ಗಲಿಲ್ಲ. ಈಗ ಮಗಳ ಹೆಸರು ಮರೆತಿದೆ, ಉಂಡದ್ದು ಮರೆತಿದೆ. ಆ ಶಾಸನ ಮರೆತಿಲ್ಲ.

ಹಾಗಾಗಿ ಪಿನ್ನಮ್ಮ ಬೀಗ ಜಡಿದು ಹೋದ ದಿನ ಏನಾಗಬೇಕೋ ಅದೇ ಆಯಿತು. ಟಾರ್ಚಣ್ಣ ಬಾಗಿಲು ತಳ್ಳಿದ. ಬೀಗದ ಸದ್ದು ಕೇಳಿಸಿತು. ಸ್ಟೂಲು ಎತ್ತಿ ಕಿಟಕಿಯ ಗಾಜು ಒಡೆದು, "ಜನ ಒಳಗಿದಾರೆ! ಬೀಗ ಯಾರು ಹಾಕಿದ್ದು?" ಎಂದು ಓಣಿ ಒಂದಾಗುವಂತೆ ಕೂಗಿದ. ಅವಳು ಓಡಿ ಬರುವಷ್ಟರಲ್ಲಿ ಮೊಣಕೈಯಿಂದ ರಕ್ತ ಸುರಿಯುತ್ತಿತ್ತು.

"ಅದಕ್ಕೇ ಹೇಳೋದು, ಕೀ ಇಲ್ಲದ ಬೀಗ ತರೋಣ," ಎಂದಳು ಮಗಳು. "ಬೀಗದ ಥರ ಕಾಣೋದೇ ಇಲ್ಲ. ಸದ್ದಿಲ್ಲ, ಚಿಲಕ ಇಲ್ಲ. ಬೀಗ ಇದೆ ಅಂತ ಅಪ್ಪನಿಗೆ ಗೊತ್ತೇ ಆಗಲ್ಲ."

ಇಬ್ಬರೂ ಬೀಗದ ಅಂಗಡಿಗೆ ಹೋದರು. ಗೋಡೆ ತುಂಬ ಬಾಗಿಲಿನ ತುಂಡುಗಳು, ಒಂದೊಂದಕ್ಕೂ ಒಂದೊಂದು ಕಪ್ಪು ಡಬ್ಬಿ. ಮಾರುವ ಹುಡುಗಿ ಉತ್ಸಾಹದಿಂದ ಒಂದೊಂದನ್ನೇ ಪೀಂ ಪೀಂ ಅನ್ನಿಸಿದಳು. ಇದು ನಂಬರ್ ಒತ್ತುವುದು, ಇದು ಫೋನಿನಲ್ಲಿ ತೆರೆಯುವುದು, ಇದು ಮುಖ ನೋಡಿ ಗುರುತು ಹಿಡಿಯುವುದು.

"ಇದು ಕಾರ್ಡ್ ತೋರಿಸೋದು ಆಂಟಿ. ಮನೇಲಿ ಎಲ್ಲರಿಗೂ ಒಂದೊಂದು ಕಾರ್ಡ್ ಕೊಡಬಹುದು."

"ಬೇಡಮ್ಮ. ನಮ್ಮನೆಯವರು ಹರಿದು ಅರ್ಧ ವಾಪಸ್ ಕೊಡ್ತಾರೆ," ಎಂದಳು ಪಿನ್ನಮ್ಮ. ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಿ ನಕ್ಕುಬಿಟ್ಟರು. ಎಷ್ಟೋ ದಿನದ ಮೇಲೆ ನಕ್ಕಿದ್ದು ಅದೊಂದೇ ಸಲ.

ಬೆರಳು ಇಡುವ ಬೀಗ ಮಗಳಿಗೆ ಹಿಡಿಸಿತು. ಪಿನ್ನಮ್ಮ ಅದನ್ನು ತಿರುಗಿಸಿ ಹಿಂಬದಿ ನೋಡಿದಳು. ಬಟ್ಟೆಯಲ್ಲಾದರೂ ಅವಳು ಮೊದಲು ನೋಡುವುದು ಒಳಮೈಯನ್ನೇ. "ಒಳಗಿಂದ ಹೇಗೆ?"

"ಒಳಗಿಂದ ಏನೂ ಬೇಡ ಆಂಟಿ. ಹಿಡಿ ಎಳೆದ್ರೆ ಸಾಕು, ಬಂದುಬಿಡುತ್ತೆ."

"ಹಾಗೆ ಬರಬಾರದು."

ಹುಡುಗಿ ಅದನ್ನು ವಾಪಸು ಇಸಿದುಕೊಂಡು, "ಓ, ಮನೇಲಿ ಸಣ್ಣ ಮಕ್ಕಳಿದಾರಾ?" ಎಂದಳು. ಇಲ್ಲ ಎಂದರೆ ಮುಂದಿನ ಪ್ರಶ್ನೆ ಬರುತ್ತದೆ. "ಹೂಂ, ಇದಾರೆ" ಎಂದುಬಿಟ್ಟಳು ಪಿನ್ನಮ್ಮ. ನಾಚಿಕೆಯಿಂದ ಅವಳಿಗೆ ಕಿವಿಯೆಲ್ಲ ಬಿಸಿಯಾಯಿತು.

ಒಳಗೂ ಹೊರಗೂ ಬೆರಳು ಬೇಡುವ ಇನ್ನೊಂದನ್ನು ಹುಡುಗಿ ತಂದಿಟ್ಟಳು. ಯಾರು ಯಾವಾಗ ಬೆರಳಿಟ್ಟರೂ ಮಗಳ ಫೋನಿಗೆ ಸುದ್ದಿ ಬರುತ್ತದೆ ಎಂದಳು.

"ಬೆಂಕಿ ಬಿದ್ರೆ?" ಎಂದು ಕೇಳಿದಳು ಪಿನ್ನಮ್ಮ.

"ಬಿಸಿ ಜಾಸ್ತಿಯಾದ್ರೆ ತಾನಾಗೇ ತೆರ್ಕೊಳ್ಳುತ್ತೆ ಆಂಟಿ."

"ನೀವು ನೋಡಿದೀರಾ?"

"ಡಬ್ಬಿ ಮೇಲೆ ಬರೆದಿದೆ."

ಪಿನ್ನಮ್ಮ ಡಬ್ಬಿಯನ್ನೇ ನೋಡುತ್ತ ನಿಂತಳು. ಎಡಗಡೆಯ ಬಾಗಿಲಿಗೆ ಒತ್ತಿಹೋಗಿದ್ದ ಕೆನ್ನೆ ಇಷ್ಟು ವರ್ಷದ ಮೇಲೆ ಉರಿದಂತಾಯಿತು. "ಅಮ್ಮಾ, ಇದಲ್ದಿದ್ರೆ ಆರೈಕೆ ಕೇಂದ್ರ," ಎಂದು ಮಗಳು ಮೆಲ್ಲಗೆ ಕಿವಿಯಲ್ಲಿ ಹೇಳಿದಳು. ಇದೇ ಇರಲಿ ಎಂದು ಪಿನ್ನಮ್ಮ ತಲೆ ಆಡಿಸಿದಳು.

ಬೀಗ ಕೂರಿಸುವವನು ಭಾನುವಾರ ಬಂದ. ಹಳೆ ಬೀಗ ಕಿತ್ತು, ಬಾಗಿಲು ಕೊರೆದು, ಹೊಸದನ್ನು ಕೂರಿಸುವುದನ್ನು ಟಾರ್ಚಣ್ಣ ಕುರ್ಚಿ ಹಾಕಿಕೊಂಡು ಕೂತು ನೋಡಿದ. ಕೆಲಸ ಮುಗಿಸಿ ಆತ, "ಬನ್ನಿ, ಯಾರ್ಯಾರ ಬೆರಳು ಸೇರಿಸ್ಬೇಕೋ ಎಲ್ಲರೂ ಬನ್ನಿ. ಬೆರಳು ಮಾತ್ರ ಚೊಕ್ಕಟ ಇರಬೇಕು. ಕೊಳೆ ಇದ್ರೆ ಇದು ಗುರುತು ಹಿಡಿಯಲ್ಲ, ತೊಳೆದು ಒರೆಸಿ ಇಡಿ," ಎಂದ.

ಪಿನ್ನಮ್ಮ ಇಟ್ಟಳು. ಮಗಳು ಇಟ್ಟಳು. ತಿರುಗಿ ನೋಡಿದರೆ ಟಾರ್ಚಣ್ಣ ಅವರ ಹಿಂದೆ ಸಾಲಿನಲ್ಲಿ ನಿಂತಿದ್ದಾನೆ! ಹೆಬ್ಬೆರಳನ್ನು ಅಂಗಿಗೆ ಚೆನ್ನಾಗಿ ಒರೆಸಿ ಮುಂದೆ ಹಿಡಿದುಕೊಂಡಿದ್ದಾನೆ.

ಮಗಳು ಬೀಗದವನಿಗೆ ಕಣ್ಣು ಮಿಟುಕಿಸಿದಳು. ಅವನಿಗೆ ಅರ್ಥವಾಯಿತು. ಸೇರಿಸುವ ಗುಂಡಿ ಒತ್ತದೆ ಸುಮ್ಮನೆ ಟಾರ್ಚಣ್ಣನ ಬೆರಳನ್ನು ಹಿಡಿದು ಒತ್ತಿಸಿದ. ಬೀಗ ಗೊರ್ ಎಂದಿತು. "ಆಯ್ತು ಅಪ್ಪಾ, ನಿಮ್ದೂ ಸೇರ್ತು!" ಎಂದು ಮಗಳು ಚಪ್ಪಾಳೆ ತಟ್ಟಿದಳು.

ಟಾರ್ಚಣ್ಣನ ಮುಖ ಅರಳಿತು. ತನ್ನ ಹೆಬ್ಬೆರಳನ್ನು ಹೆಂಡತಿಗೆ ತೋರಿಸಿ, "ನಂದೂ ಸೇರ್ತು ಕಣೇ," ಎಂದ. ಪಿನ್ನಮ್ಮ ಹೌದೆಂದು ತಲೆಯಾಡಿಸಿ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟಳು. ತೊಳೆಯುವ ಪಾತ್ರೆ ಒಂದೂ ಇರಲಿಲ್ಲ.

ಮಾರನೆಯ ದಿನ ಊಟ ಮುಚ್ಚಿಟ್ಟು, ರೇಡಿಯೋ ಹಚ್ಚಿ ಅವಳು ಹೊರಬಿದ್ದಳು. ಬಾಗಿಲು ತಾನಾಗಿಯೇ ಚಿಕ್ ಎಂದು ಮುಚ್ಚಿಕೊಂಡಿತು. ಎಷ್ಟು ಮೆತ್ತಗಿನ ಸದ್ದು! ಸ್ವಲ್ಪ ಹೊತ್ತು ಕಿವಿಗೊಟ್ಟು ನಿಂತಳು. ಕೂಗಿಲ್ಲ, ಗಲಾಟೆಯಿಲ್ಲ. ಅಂಗಡಿಗೆ ಹೋದರೂ ಕೈ ಒಂದು ಕಡೆ, ಮನಸ್ಸು ಒಂದು ಕಡೆ. ಮಗಳಿಗೆ ಫೋನು ಮಾಡಿದರೆ, "ಏನಿಲ್ಲಮ್ಮ, ಎಲ್ಲಾ ಸರಿಯಾಗಿದೆ, ಕೆಲಸ ಮಾಡು," ಎಂದು ಗಡಿಬಿಡಿಯಲ್ಲಿ ಇಟ್ಟುಬಿಟ್ಟಳು. ಆ ಗಡಿಬಿಡಿ ಪಿನ್ನಮ್ಮನಿಗೆ ಸರಿಬರಲಿಲ್ಲ. ಒಂದು ಪ್ಯಾಂಟಿನ ಎಡಗಾಲನ್ನೇ ಎರಡು ಸಲ ಗಿಡ್ಡ ಮಾಡಿದಳು. ಇಷ್ಟು ವರ್ಷದ ಕೆಲಸದಲ್ಲಿ ಇಂಥದ್ದು ಆಗಿರಲಿಲ್ಲ. "ಏನಾಗಿದೆ ನಿಮಗೆ ಇವತ್ತು?" ಎಂದು ಅಂಗಡಿಯ ಯಜಮಾನಿ ರೇಗಿದಳು. ತುಟಿಯಲ್ಲಿದ್ದ ಸೂಜಿಗಳನ್ನೆಲ್ಲ ಉಗುಳಿ, "ಮನೆಗೆ ಹೋಗಬೇಕು" ಎಂದು ಪಿನ್ನಮ್ಮ ಹೊರಟೇಬಿಟ್ಟಳು.

ಬೆರಳಿಟ್ಟಳು. ಬಾಗಿಲು ತೆರೆಯಿತು. ಟಾರ್ಚಣ್ಣ ಬಾಗಿಲಿನ ಆಚೆಗೇ ನಿಂತಿದ್ದ. ಅಂಗಿಯ ಮುಂಭಾಗವೆಲ್ಲ ಒದ್ದೆ. ಬಚ್ಚಲಿನಿಂದ ಬಾಗಿಲಿನವರೆಗೆ ನೆಲದ ಮೇಲೆ ಸೋಪಿನ ನೀರಿನ ಹೆಜ್ಜೆಗಳು, ಹೋಗಿದ್ದು ಬಂದಿದ್ದು, ಹೋಗಿದ್ದು ಬಂದಿದ್ದು. ಮುಚ್ಚಿಟ್ಟ ಊಟ ಮುಚ್ಚಿದಂತೆಯೇ ಇತ್ತು.

"ಸದ್ಯ, ಹೊರಗೆ ಬಂದ್ಯಲ್ಲ!" ಎಂದ. ದನಿ ಒಡೆದುಹೋಗಿತ್ತು. "ನೀನು ಒಳಗೆ ಸಿಕ್ಕಿಹಾಕ್ಕೊಂಡಿದ್ದೆ ಕಣೇ. ನಾನು ತೆಗೀತಾನೇ ಇದ್ದೆ. ಹೆದರ್ಕೊಂಡ್ಯಾ?"

"ಇಲ್ಲ ರೀ."

"ಬಾಗ್ಲು ನನ್ನ ಗುರುತು ಹಿಡೀಲೇ ಇಲ್ಲ. ನಂದೂ ಸೇರಿಸಿದ್ರಲ್ಲ ಅವತ್ತು? ನನ್ನದೇ ತಪ್ಪು. ಕೈ ಕೊಳೆ ಇತ್ತು. ಎಷ್ಟು ತೊಳೆದ್ರೂ ಹೋಗ್ಲಿಲ್ಲ."

ಅವನು ಬಲಗೈ ಮುಂದೆ ಚಾಚಿದ. ಹೆಬ್ಬೆರಳಿನ ಚರ್ಮ ಸುಲಿದು ಕೆಂಪಗೆ ಹಸಿಯಾಗಿತ್ತು. ಬಚ್ಚಲಲ್ಲಿ ಪಾತ್ರೆ ತಿಕ್ಕುವ ಸ್ಟೀಲ್ ಸ್ಕ್ರಬ್ಬರ್ ಬಿದ್ದಿತ್ತು.

ನಿನ್ನೆ ಉಂಡದ್ದು ನೆನಪಿಲ್ಲದ ಮನುಷ್ಯ ಅವರು ಹೇಳಿದ ಆ ಒಂದು ಸುಳ್ಳನ್ನು ಜೋಪಾನವಾಗಿ ನೆನಪಿಟ್ಟುಕೊಂಡಿದ್ದ. ಪಿನ್ನಮ್ಮನಿಗೆ ತನ್ನ ಮೇಲೆ ತನಗೇ ಹೇಸಿಗೆ ಬಂತು. ಕಲ್ಲು ತೆಗೆದುಕೊಂಡು ಬೀಗ ಚಚ್ಚಿ ತನ್ನನ್ನು ಹೊರಗೆ ಎಳೆದವನಿಗೆ ತಾನು ಮಾಡಿದ್ದೇನು? ಎಡಬಾಗಿಲಿಗೆ ಬೀಗ ಹಾಕಿಸಿದ ಆ ಮ್ಯಾನೇಜರನಿಗೂ ತನಗೂ ಏನು ವ್ಯತ್ಯಾಸ? ಬಾಯಲ್ಲಿ ಸೂಜಿ ಇರಲಿಲ್ಲ. ಅಲ್ಲೇ ಹೊಸ್ತಿಲಲ್ಲಿ ಕೂತು ಗಟ್ಟಿಯಾಗಿ ಅತ್ತಳು. ಟಾರ್ಚಣ್ಣ ಏನೂ ತೋಚದೆ ಅವಳ ತಲೆ ಸವರಿದ. "ಅಳಬೇಡ, ಹೊಗೆ ಇಲ್ಲ ಈಗ" ಎಂದ.

ಅತ್ತು ಮುಗಿದ ಮೇಲೆ ಎದ್ದು ಒಳಗೆ ಬಂದು ಬಾಗಿಲು ಮುಚ್ಚಿ, ಅವನ ಹೆಬ್ಬೆರಳಿಗೆ ಮುಲಾಮು ಹಚ್ಚಿ ಬಟ್ಟೆ ಸುತ್ತಿದಳು. ಆಮೇಲೆ ಬೀಗದವನು ಮಾಡಿದ್ದನ್ನು ನೆನಪಿಸಿಕೊಂಡು, ಸೇರಿಸುವ ಗುಂಡಿ ಒತ್ತಿ ಹಿಡಿದು ತನ್ನ ಬೆರಳಿಟ್ಟಳು. ಬೀಗದ ಮೇಲೆ ನೀಲಿ ದೀಪ ಹತ್ತಿತು. "ಬನ್ನಿ, ಈಗ ನೀವು ಇಡಿ," ಎಂದಳು.

ಅವನು ಬಲಗೈಯ ತೋರುಬೆರಳು ಇಟ್ಟ. ಅದೂ ಉಜ್ಜಿ ಉಜ್ಜಿ ನುಣ್ಣಗಾಗಿತ್ತು. ಗೊರ್ ಎಂದಿತು ಬೀಗ. ಅವನ ಮುಖ ಸಣ್ಣದಾಯಿತು.

"ಎಡಗೈ ಕೊಡಿ."

"ಅದನ್ನ ತೊಳ್ದೇ ಇಲ್ಲ ಕಣೇ, ಕೊಳೆ," ಎಂದು ಹಿಂದೆ ಬಚ್ಚಿಟ್ಟುಕೊಂಡ.

"ಇರ್ಲಿ, ಕೊಡ್ರೀ."

ತೊಳೆಯದ ಆ ಎಡಗೈಯ ಹೆಬ್ಬೆರಳನ್ನು ಹಿಡಿದು ಅವಳೇ ಒತ್ತಿದಳು. ಇನ್ನೊಮ್ಮೆ. ಮತ್ತೊಮ್ಮೆ. ಬೀಗ ಪೀಂ ಎಂದು ಹಸಿರಾಯಿತು. ಟಾರ್ಚಣ್ಣ ಹಿಡಿ ಎಳೆದ. ಬಾಗಿಲು ತೆರೆದುಕೊಂಡಿತು.

ತಕ್ಷಣ ಅವನ ಬೆನ್ನು ನೆಟ್ಟಗಾಯಿತು. ಬಾಗಿಲನ್ನು ಬೆನ್ನಿನಿಂದ ಒತ್ತಿ ಹಿಡಿದು ಪಕ್ಕಕ್ಕೆ ನಿಂತ. "ನಿಧಾನ, ನಿಧಾನ. ಮೆಟ್ಟಿಲಿದೆ, ನೋಡ್ಕೊಂಡು," ಎಂದ. ಪಿನ್ನಮ್ಮ ಹೆಗಲ ಮೇಲಿನ ಚೀಲ ಸರಿಮಾಡಿಕೊಂಡು ಅವನ ಮುಂದೆ ಹಾದು ಹೊರಗೆ ನಡೆದಳು. ಅವನು ಒಳಗೆ ಇಣುಕಿ, "ಇನ್ಯಾರಾದ್ರೂ ಇದಾರಾ?" ಎಂದು ಕೂಗಿ, ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ತಾನೂ ಹೊರಗೆ ಬಂದ. ಹಿಂದೆ ಬಾಗಿಲು ಚಿಕ್ ಎಂದು ಮುಚ್ಚಿಕೊಂಡಿತು.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. "ಅಮ್ಮಾ, ಹೊಸ ಬೆರಳು ಸೇರಿದೆ ಅಂತ ಬಂತು. ಯಾರದು?"

"ನಿಮ್ಮಪ್ಪಂದು."

ಮಗಳು ಬೈಯುತ್ತಾಳೆಂದು ಕಾದಳು. ಆ ಕಡೆಯಿಂದ ಬಂದದ್ದು ಬಿಕ್ಕಳಿಕೆ. "ಬೆಳಿಗ್ಗೆಯಿಂದ ನನ್ನ ಫೋನು ಬಡ್ಕೋತಾನೇ ಇತ್ತಮ್ಮ, ಬೆರಳು ತಪ್ಪು, ಬೆರಳು ತಪ್ಪು ಅಂತ. ಸುಸ್ತಾಗಿ ಬಿಡ್ತಾರೆ ಅಂದ್ಕೊಂಡು ನಾನೇ ಸದ್ದು ಆಫ್ ಮಾಡ್ದೆ."

ಪಿನ್ನಮ್ಮ ಕಣ್ಣು ಮುಚ್ಚಿಕೊಂಡಳು. ಬೈಯಲು ಅವಳಿಗೆ ಯಾವ ಮುಖ ಇತ್ತು?

"ನಾಳೆ ಏನ್ಮಾಡ್ತೀಯಮ್ಮ? ಮತ್ತೆ ರಸ್ತೆಗೆ ಹೋದ್ರೆ?"

"ನಂಗೂ ಭಯಾನೇ ಕಣೇ. ನಾಳೆ ಅಂಗಡಿಗೆ ಕರ್ಕೊಂಡು ಹೋಗ್ತೀನಿ, ಬಾಗ್ಲ ಹತ್ರ ಕೂತಿರ್ಲಿ. ಬಿಲ್ಲು ಹರೀತಾರೆ, ಹರೀಲಿ. ಯಜಮಾನಿ ಬೇಡ ಅಂದ್ರೆ ಇಬ್ರೂ ವಾಪಸ್ ಬರ್ತೀವಿ. ಆಮೇಲಿಂದು ನಂಗೊತ್ತಿಲ್ಲ."

ನಿಜಕ್ಕೂ ಅವಳಿಗೆ ಗೊತ್ತಿರಲಿಲ್ಲ. ಯಜಮಾನಿ ಒಪ್ಪುವವಳಲ್ಲ ಎಂದು ಮಾತ್ರ ಗೊತ್ತಿತ್ತು. ಫೋನು ಚೀಲಕ್ಕೆ ಹಾಕಿ ಮೆಟ್ಟಿಲ ಮೇಲೆ ನಿಂತಳು. ಎದುರಿನ ರಸ್ತೆಯಲ್ಲಿ ಲಾರಿಗಳು ಹೋಗುತ್ತಲೇ ಇದ್ದವು.

ಟಾರ್ಚಣ್ಣ ಹತ್ತಿರ ಬಂದು ಅವಳ ಮುಖ ನೋಡಿದ. "ಆಟ ಮುಗೀತಲ್ಲ, ಎಲ್ರೂ ಹೋದ್ರು. ನೀನ್ಯಾಕೆ ಇನ್ನೂ ನಿಂತಿದೀಯ?" ಎಂದ. "ಬಾ, ಮನೆಗೆ ಹೋಗೋಣ."

ಅವಳ ಕೈ ಹಿಡಿದು ಬಾಗಿಲ ಮುಂದೆ ನಿಲ್ಲಿಸಿದ. ಎಡಗೈಯ ಹೆಬ್ಬೆರಳನ್ನು ಅಂಗಿಗೆ ಒರೆಸಿಕೊಂಡು, ಸ್ವಲ್ಪ ಅನುಮಾನಿಸುತ್ತಲೇ ಬೀಗದ ಮೇಲೆ ಇಟ್ಟ. ಬಾಗಿಲು ಅವನ ಗುರುತು ಹಿಡಿಯಿತು.